ಹಾಡದೆ ಹಾಳೆ ತಿರುಗದು

ಜುಲೈ 28, ಸೋಮವಾರ

ಮತ್ತೆ ತಾಂಡೂರು ಬಸ್ಸು, ಮತ್ತೆ ತೊಡೆಯ ಮೇಲೆ ಕ್ಯಾಮೆರಾ ಬ್ಯಾಗು. ಪೆದ್ದೆಮುಲ್‌ನ ಸುಮಿತ್ರಾಬಾಯಿಯವರ ಮನೆಯಲ್ಲಿ ತತ್ವಪದಗಳ ಹಳೆಯ ಕೈಬರಹದ ಪುಸ್ತಕವಿದೆ. ನಮ್ಮ ಆರ್ಕೈವ್‌ಗೆ ಅದರ ಪ್ರತಿ ಹಾಳೆಯ ಫೋಟೊ ಬೇಕು. ಒಂದೇ ದಿನದ ಕೆಲಸ ಅಂದುಕೊಂಡಿದ್ದೆ...

ಮೊದಲ ಹಾಳೆ ಕ್ಲಿಕ್ ಮಾಡಿ ತಿರುವಲು ಹೋದೆ. ಸುಮಿತ್ರಾ ಆಯಿ ಕೈ ಹಿಡಿದರು.

"ಹಾಡಲಾರ್ದ ಹಾಳಿ ತಿರುವಬಾರ್ದವ್ವ. ನಮ್ಮನ್ಯಾಗ ಹಂಗೇ ಪದ್ಧತಿ ಅದ."

"ನೀವು ಹಾಡ್ರಿ ಆಯಿ, ನಾ ಫೋಟೊ ತಗೀತೀನಿ."

"ತಿರುವೋರೇ ಹಾಡಬೇಕು."

ನಾನು! ಶಾಲೆಯ ಪ್ರಾರ್ಥನೆಯಲ್ಲಿ ಬರೀ ತುಟಿ ಆಡಿಸು ಎಂದು ಟೀಚರ್ ಕೈಮುಗಿದು ಕೇಳಿಕೊಂಡಿದ್ದರು.

ಜುಲೈ 30

ಹಾಡುತ್ತಿದ್ದೇನೆ. ದೇವರೇ ಗತಿ. ಆಯಿಯ ಗಂಡ ಬಂಡೆಪ್ಪ ಮುತ್ಯಾ ತಾಳ ಹಿಡಿದು ಎದುರಿಗೇ ಕೂರುತ್ತಾರೆ. "ನೀ ಬಂದಾಗಿಂದ ಎಮ್ಮಿ ಹಾಲು ಕಮ್ಮಿ ಆಗ್ಯಾವ ನೋಡು ತಂಗಿ," ಅಂದರು ಇವತ್ತು.

ಜಹೀರಾಬಾದಿನಿಂದ ನಮ್ಮ ಆರ್ಕೈವ್‌ನ ಮುಖ್ಯಸ್ಥ ವೈಜಿನಾಥ ಸರ್ ಫೋನು.

"ಬರೀ ಹನ್ನೊಂದು ಹಾಳಿ? ಏನು ಮಾಡಾಕತ್ತೀ ಮಂಗಲಾ ಅಲ್ಲಿ?"

"ಹಾಡಾಕತ್ತೀನ್ರಿ ಸರ್."

ಸರ್ ಫೋನು ಕಟ್ ಮಾಡಿದರು.

ಆಗಸ್ಟ್ 8, ಶುಕ್ರವಾರ

ಮುಗಿಯಿತು! ಕೊನೆಯ ಪದಕ್ಕೆ ಎಮ್ಮೆ ಕೂಡ ಸುಮ್ಮನಿತ್ತು. ಈಗ ಬಸ್ಸಿನಲ್ಲೂ ಗುನುಗುತ್ತೇನೆ, ಕಂಡಕ್ಟರ್ ತಿರುಗಿ ನೋಡುತ್ತಾನೆ.

ಆದರೆ ಆಯಿ ಪುಸ್ತಕದ ಕೊನೆಯ ಖಾಲಿ ಹಾಳೆ ತೆರೆದು ಪೆನ್ನು ಚಾಚಿದರು. ಪೂರ್ತಿ ಹಾಡಿದವರು ತಮ್ಮದೊಂದು ಪದ ಬರೆಯಬೇಕಂತೆ. ಪುಸ್ತಕ ಬೆಳೆದದ್ದೇ ಹಾಗೆ—ಆಯಿಯ ಅತ್ತೆ, ಒಬ್ಬ ಬಳೆಗಾರ, ಮುತ್ಯಾ, ಎಲ್ಲರೂ ಬರೆದಿದ್ದಾರೆ.

ಹಳೆಯ ಕಾಗದದ ಹತ್ತಿರ ಪೆನ್ನು ತರಬಾರದು. ನಮ್ಮಲ್ಲಿ ಮೊದಲ ನಿಯಮವೇ ಇದು. ಸರ್‌ಗೆ ಫೋನು ಮಾಡಿದೆ. "ಪೆನ್ ಮುಟ್ಟಿದಿ ಅಂದ್ರ ಕೆಲಸಕ್ಕ ಬರಬ್ಯಾಡ. ನಾಳಿ ನಾನೇ ಬರ್ತೀನಿ."

ಆಯಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ನಮ್ಮತ್ತಿ ಬರೀದಿದ್ರ ನೀ ಏನು ಹಾಡ್ತಿದ್ದಿ?"

ನನಗೂ ಬರೆಯುವ ಆಸೆ. ಕೆಲಸವೂ ಬೇಕು.

ಆಗಸ್ಟ್ 9, ಬೆಳಗ್ಗೆ 11

ಸರ್ ಬಂದರು. ಮುಖ ಗಂಟು ಹಾಕಿಕೊಂಡೇ ಪುಸ್ತಕ ಎತ್ತಿಕೊಂಡು ಎರಡು ಹಾಳೆ ತಿರುವಿಬಿಟ್ಟರು. ಮುತ್ಯಾ ಎದ್ದು ಬಾಗಿಲು ಹಾಕಿದರು.

"ಎರಡು ಪದ ಬಾಕಿ ಅದಾವ್ರಿ ಸಾಹೇಬ್ರ."

ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡೆ. ಸರ್ ಹಾಡಿದರು. ನನಗಿಂತ ಕೆಟ್ಟದಾಗಿ! ಎರಡು ಮುಗಿದ ಮೇಲೆ, ಯಾರೂ ಹೇಳದೆ, ಮೂರನೆಯ ಹಾಳೆ ತಿರುವಿದರು.

ಮಧ್ಯಾಹ್ನ 12.30

ಐದು ಪದ ಹಾಡಿ ಚಹಾ ಕುಡಿದು ಸರ್ ಮೆಲ್ಲಗೆ ಅಂದರು: "ಮದಲು ಆ ಖಾಲಿ ಹಾಳಿದು ಫೋಟೊ ತಗಿ. ಹೆಂಗಿತ್ತು ಅಂತ ನಮ್ಮ ಹತ್ತರ ಇರಲಿ. ಆಮ್ಯಾಗ... ನೀ ಬರಿ. ಜವಾಬ್ದಾರಿ ನಂದು."

ಫೋಟೊ ತೆಗೆದೆ. ಸೀದಾ ಪುಸ್ತಕಕ್ಕೆ ಬರೆಯಲು ಧೈರ್ಯವಿಲ್ಲ, ಮೊದಲು ಈ ಡೈರಿಯಲ್ಲಿ. ಮೂವರೂ ನನ್ನನ್ನೇ ನೋಡುತ್ತಾ ಕೂತಿದ್ದಾರೆ—

ನೋಡಿ ಹೋಗಲು ಬಂದೆ ನಾನು
ಹಾಡಿ ಉಳಿಯೆಂದಿರಿ ನೀವು
ಇನ್ನು ಈ ಹಾಳೆ ತಿರುವುವವರು
ಹಾಡಲಿ ನನ್ನ ಪದವನ್ನು