ನೆಲ ತಟ್ಟಬಾರದಂತೆ

ಶನಿವಾರ, ೧೪

ಕೊನೆಗೂ ಮಗಳು ನನ್ನನ್ನ ಸೂಪರ್‌ವೈಸರ್ ಮಾಡಿಬಿಟ್ಟಳು. ಪರದೇಶದಲ್ಲಿ ಹನ್ನೊಂದು ವರ್ಷ ಮಂಡಿಯೂರಿ ಟೈಲ್ಸ್ ಕೂರಿಸಿದರೂ ಸಿಗದ ಬಡ್ತಿ, ಇವತ್ತು ಒಂದು ಲೋಟ ಟೀ ಮುಗಿಯೋದರೊಳಗೆ ಸಿಕ್ಕಿತು.

ಬರೋ ವಾರ ನಾನು ದುಡಿದ ಅದೇ ಊರು ನೋಡೋಕೆ ಹೊರಟಿದ್ದೇವೆ: ನಾನು, ನನ್ನವಳು, ಮಗಳು, ಅಳಿಯ, ಅವನ ತಾಯಿ. ಆರು ತಿಂಗಳಿಂದ ನನಗೆ ಒಂದೇ ಆಸೆ. ಅಲ್ಲಿನ ದೊಡ್ಡ ರೈಲ್ವೆ ಸ್ಟೇಷನ್ನಿನ ನೆಲ ನಾನು ಹಾಕಿದ್ದು. ಕೂತು, ಬೆರಳ ಗೆಣ್ಣಿಂದ ತಟ್ಟಿ ನೋಡಬೇಕು. ಕೆಳಗೆ ಪೊಳ್ಳಿದ್ದರೆ ಸದ್ದಲ್ಲೇ ಗೊತ್ತಾಗುತ್ತೆ, ಗಟ್ಟಿಯಿದ್ದರೆ ಠಕ್ ಅನ್ನುತ್ತೆ. ನನ್ನವು ಇವತ್ತಿಗೂ ಠಕ್ ಅನ್ನದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ.

"ಸ್ಟೇಷನ್‌ಗೆ ಹಿಂದಿನ ಬಾಗಿಲಿಂದ ಹೋಗೋಣ, ಕಸದ ಲಾರಿ ಬರೋ ಕಡೆ. ಮುಂಬಾಗಿಲು ನಾನೇ ಕಂಡಿಲ್ಲ" ಅಂದೆ. ಎಲ್ಲರೂ ನಕ್ಕರು. ಬೀಗಿತ್ತಿ, "ಅಲ್ಲಿ ನಿಮ್ದು ಏನ್ ಕೆಲ್ಸ ಇತ್ತು?" ಅಂದರು. ನಾನು ಬಾಯಿ ತೆಗೆಯೋ ಮೊದಲೇ ಮಗಳು, "ಅಪ್ಪ ಸೂಪರ್‌ವೈಸರ್ ಆಗಿದ್ರು ಅತ್ತೆ" ಅಂದಳು.

ಆಮೇಲೆ ಅಡುಗೆಮನೆಗೆ ಕರೆದು, "ಅಪ್ಪಾ, ಅಲ್ಲಿ ನೆಲದ ಮೇಲೆ ಕೂತು ತಟ್ಬೇಡ. ಅತ್ತೆ ಮುಂದೆ ನನ್ ಮಾನ ಕಳೀಬೇಡ" ಅಂದಳು.

"ಆಯ್ತು ಬಿಡಮ್ಮ. ಸೂಪರ್‌ವೈಸರ್‌ಗಳು ಯಾವತ್ತು ಬಗ್ಗಿದಾರೆ?" ಅಂದೆ. ಅವಳು ನಗಲಿಲ್ಲ.

ಅವಳನ್ನ ಓದಿಸಿದ್ದು ಈ ಮಂಡಿಗಳೇ. ಈಗ ಮೆಟ್ಟಿಲು ಹತ್ತುವಾಗ ಇವೂ ಠಕ್ ಅನ್ನುತ್ತವೆ. ಅತ್ತೆ ಮುಂದೆ ಸುಮ್ಮನಿರಿ ಅಂತ ಇವಕ್ಕೆ ಯಾರು ಹೇಳೋದು?

"ಸೂಪರ್‌ವೈಸರ್ ಸಾಹೇಬ್ರೇ, ಊಟ ಆರೋಗುತ್ತೆ, ಬನ್ನಿ!"

ಬೀಗಿತ್ತಿ. ಯಾರನ್ನಪ್ಪ ಕರೀತಿರೋದು ಅಂತ ಹಿಂದೆ ತಿರುಗಿ ನೋಡಿದೆ. ನನ್ನನ್ನೇ.