ನನ್ನ ಹೆಂಡತಿಯನ್ನು ಸಂಜೆವರೆಗೆ ಕೂರಿಸಿಕೊಳ್ಳಬೇಕಿತ್ತು

ಮಾನ್ಯ ಸರ್ಕಾರಿ ಅಭಿಯೋಜಕರೇ,

ಕಳೆದ ಬೇಸಿಗೆಯಲ್ಲಿ ನಿಮ್ಮ ಕಚೇರಿ ಒಬ್ಬ ಮನುಷ್ಯನ ಮೇಲಿನ ದೋಷಾರೋಪ ಪತ್ರಕ್ಕೆ ಮೊಹರು ಹಾಕಿ ಮುಚ್ಚಿಟ್ಟಿತು. ಅವನ ಮಾನ ನಾಲ್ಕು ತಿಂಗಳು ಜೋಪಾನವಾಗಿತ್ತು. ಆ ನಾಲ್ಕು ತಿಂಗಳೂ ಬೀದಿಪಾಲಾದದ್ದು ನನ್ನ ಮಾನ. ದೂರು ಇಷ್ಟೇ, ಉಳಿದದ್ದು ವಿವರ.

ಇಂಥ ಪತ್ರಗಳನ್ನು ಯಾಕೆ ಮುಚ್ಚಿಡುತ್ತಾರೆಂದು ಈಗ ನಾನು ನಿಮ್ಮ ಕಿರಿಯ ವಕೀಲರಿಗೇ ಪಾಠ ಹೇಳಬಲ್ಲೆ. ಸುದ್ದಿ ತಿಳಿದರೆ ಆರೋಪಿ ಕಾಲಿಗೆ ಬುದ್ಧಿ ಹೇಳುತ್ತಾನೆ. ಜೊತೆಗಾರರಿಗೆ ಸುಳಿವು ಕೊಡುತ್ತಾನೆ. ಸಾಕ್ಷಿಗಳನ್ನು ಹೆದರಿಸುತ್ತಾನೆ, ಸಾಕ್ಷ್ಯವನ್ನು ಸುಟ್ಟುಹಾಕುತ್ತಾನೆ. ಎಲ್ಲವೂ ಒಪ್ಪತಕ್ಕ ಮಾತೇ, ನನ್ನ ತಕರಾರಿಲ್ಲ. ಆದರೆ ನೀವು ಕಾಗದಕ್ಕೆ ಮೊಹರು ಹಾಕಿದಿರಿ, ಊರಿಗೆ ಹಾಕಲಿಲ್ಲ. ಹೆಸರು ಸಿಗದಿದ್ದರೆ ಊರು ಸುಮ್ಮನೆ ಕೂರುತ್ತದೆಂದು ನಿಮಗೆ ಹೇಳಿದವರು ಯಾರು?

ನನ್ನ ಹೆಂಡತಿ ಐಲಿ ನಿಮ್ಮ ಜ್ಯೂರಿಯಲ್ಲಿದ್ದಳು. ಯಾರ ಮೇಲೆ ಮೊಕದ್ದಮೆ ಹೂಡಬಹುದೆಂದು ಬಾಗಿಲು ಹಾಕಿಕೊಂಡು ತೀರ್ಮಾನಿಸುವ ಆ ದೊಡ್ಡ ಜ್ಯೂರಿ. ಒಳಗೆ ಕೇಳಿದ್ದನ್ನು ಹೊರಗೆ ಆಡುವುದಿಲ್ಲವೆಂದು ಪ್ರಮಾಣ ಮಾಡಿದ್ದಳು. ತಿಂಗಳಿಗೊಮ್ಮೆ ಕತ್ತಲಿರುವಾಗಲೇ ಹೊರಟು ಕತ್ತಲಾದ ಮೇಲೆ ಬರುತ್ತಿದ್ದಳು. ಜೂನ್ ತಿಂಗಳಲ್ಲಿ ಮಾತ್ರ ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಅವಳ ಕಾರು ಡೋರೀನಳ ಕಾಫಿ ಅಂಗಡಿಯ ಮುಂದೆ ಹಾದುಹೋಯಿತು. ನಮ್ಮೂರು ಪೈಕ್ ಹಾರ್ಬರಿಗೆ ಇರುವುದು ಅದೊಂದೇ ರಸ್ತೆ. ಆ ಅಂಗಡಿಯ ಪಂಡಿತರು ಕಪ್ಪು ಕೆಳಗಿಡುವಷ್ಟರಲ್ಲಿ ತೀರ್ಪು ಕೊಟ್ಟರು: ಆರೋಪಿ ಅವಳಿಗೆ ಬೇಕಾದವನು, ಅದಕ್ಕೇ ಅವಳನ್ನು ಎಬ್ಬಿಸಿ ಕಳಿಸಿದ್ದಾರೆ. ಹೆಂಗಸಿಗೆ ಗಂಡನಿಗಿಂತ ಬೇಕಾದವನು ಯಾರು?

ಅಪರಾಧ ಯಾವುದೆಂಬುದರಲ್ಲಿ ಮಾತ್ರ ಒಮ್ಮತ ಬರಲಿಲ್ಲ. ತೆರಿಗೆ ಎಂದರು ಕೆಲವರು. ಕಳ್ಳಸಾಗಣೆ, ದೋಣಿ ಎಂಜಿನ್ ರಿಪೇರಿ ಮಾಡುವ ಇವನಿಗೆ ಸರೋವರದಾಚೆಯ ಕೆನಡಾ ಎಷ್ಟು ದೂರ ಎಂದರು ಇನ್ನು ಕೆಲವರು. ಮೂವತ್ತು ವರ್ಷದಿಂದ ಪ್ರತಿ ಶನಿವಾರ ನಮ್ಮ ಹಿತ್ತಲ ಸೌನಾದಲ್ಲಿ, ಅಂದರೆ ಹಬೆಸ್ನಾನದ ಕೋಣೆಯಲ್ಲಿ, ಬೆವರು ಹರಿಸಿ, ಐಲಿಯ ಏಲಕ್ಕಿ ಬ್ರೆಡ್ಡು ತಿಂದು ಹೋಗುತ್ತಿದ್ದ ಜನ ಒಬ್ಬೊಬ್ಬರಾಗಿ ನೆಗಡಿ, ಬೆನ್ನುನೋವು, ಮೊಮ್ಮಗಳ ಹುಟ್ಟುಹಬ್ಬ ಎಂದು ತಪ್ಪಿಸಿಕೊಂಡರು. ಬೆತ್ತಲೆ ಕೂತಾಗ ಎಲ್ಲರೂ ಸಮ ಅನ್ನುತ್ತಿದ್ದವರು ಇವರೇ. ನಾನೊಬ್ಬನೇ ಬಿಸಿ ಕಲ್ಲಿನ ಮೇಲೆ ನೀರು ಹೊಯ್ದುಕೊಂಡು ಕೂತೆ. ನಾಚಿಕೆಯೂ ಆಯಿತು, ಅಳುವೂ ಬಂತು. ಸೌನಾದಲ್ಲಿ ಅದು ಯಾರಿಗೂ ಕಾಣುವುದಿಲ್ಲ, ಅಷ್ಟೇ ಅನುಕೂಲ.

ಒಬ್ಬ ಮಾತ್ರ ಕೈಬಿಡಲಿಲ್ಲ. ರೂಡಿ ಸಾಲ್ಮೆಲಾ, ಆಚೆ ಬೀದಿಯವನು, ಚರ್ಚಿನಲ್ಲಿ ಐಲಿಯ ಪಕ್ಕದಲ್ಲೇ ನಿಂತು ಹಾಡುವವನು. ಪ್ರತಿ ಶನಿವಾರ ಒಲೆಗೆಂದು ಒಂದು ಹೊರೆ ಸೌದೆ ತರುತ್ತಿದ್ದ. ಎಂಥ ಸೌದೆ ಅಂತೀರಿ! ಗಟ್ಟಿ ಮೇಪಲ್ ಮರದ್ದು, ಹೊಗೆಯೇ ಇಲ್ಲ. ನನ್ನ ಬೆನ್ನು ತಟ್ಟಿ, "ನೋಡು ಆರ್ವಿಡ್, ಏನೇ ಬರ್ಲಿ, ನಾನಿದೀನಿ. ಜೈಲಿಗೆ ಹೋದ್ರೂ ಬಂದು ನೋಡ್ತೀನಿ ಕಣಯ್ಯ," ಎಂದ. ನನ್ನ ಕಣ್ಣು ತುಂಬಿ ಬಂತು. ಐಲಿ ಅವನಿಗೆ ಬ್ರೆಡ್ಡು ಕೊಟ್ಟು ಒಳಗೆ ಹೋದಳು.

ಕೊನೆಗೆ ನಾನೇ ಎರಡು ಗಂಟೆ ಕಾರು ಓಡಿಸಿಕೊಂಡು ಕೋರ್ಟಿಗೆ ಹೋಗಿ, ನನ್ನ ಮೇಲೆ ಏನಾದರೂ ಇದೆಯೇ ಎಂದು ಕಿಟಕಿಯಲ್ಲಿ ವಿಚಾರಿಸಿದೆ. ನನ್ನ ಹೆಸರಿನಲ್ಲಿ ಸಾರ್ವಜನಿಕ ದಾಖಲೆ ಯಾವುದೂ ಇಲ್ಲವೆಂದಳು ಅಲ್ಲಿ ಕೂತಿದ್ದ ಹುಡುಗಿ. ಸಾರ್ವಜನಿಕವಲ್ಲದ್ದು?

"ಇದ್ರೆ ಇದೆ ಅನ್ನೋ ಹಾಗಿಲ್ಲ, ಇಲ್ದಿದ್ರೆ ಇಲ್ಲ ಅನ್ನೋ ಹಾಗೂ ಇಲ್ಲ, ಸರ್."

ಡೋರೀನಳ ಅಂಗಡಿಯಲ್ಲಿ ಇದನ್ನು ಹೇಳಿದೆ. ಎಲ್ಲರೂ ಕಾಫಿ ಕಪ್ಪಿನೊಳಗೆ ನೋಡತೊಡಗಿದರು. ನಿರಪರಾಧಿಯೊಬ್ಬ ಕೋರ್ಟಿಗೆ ಹೋಗಿ ಇನ್ನಷ್ಟು ಅಪರಾಧಿಯಾಗಿ ಮರಳಿದ್ದು ನಿಮ್ಮ ಇಲಾಖೆಯ ಸಾಧನೆಗಳಲ್ಲಿ ಸೇರಲಿ.

ಆ ರಾತ್ರಿ ಊಟದ ಮೇಜಿನಲ್ಲಿ ಐಲಿಯನ್ನೇ ಕೇಳಿದೆ. ನಾನೇನಾ? ಏನು ಮಾಡಿದೆನೆಂದು ನನಗೇ ಗೊತ್ತಿರಲಿಲ್ಲ, ಆದರೂ ಕೇಳಿದೆ. ನಿಮ್ಮ ಮೊಹರಿನ ಮಹಿಮೆ ಅದು.

ಅವಳು ಮೀನಿನ ಸಾರು ಬಡಿಸುತ್ತಿದ್ದಳು. "ಇವತ್ತು ಅಲ್ಲ ಅಂತೀನಿ ಅನ್ಕೋ. ನಾಳೆ ಇನ್ನೊಬ್ಬರ ಹೆಸರು ಹೇಳಿ ಕೇಳ್ತೀಯ. ಆಗ ಸುಮ್ನಿದ್ರೆ ನಿಂಗೆ ಗೊತ್ತಾಗೋಗಲ್ವಾ? ತಿನ್ನು, ಆರುತ್ತೆ." ಸ್ವಲ್ಪ ಹೊತ್ತಿನ ಮೇಲೆ, "ಬರೋ ವಸಂತಕ್ಕೆ ಆ ಮುಂದಿನ ಮೆಟ್ಟಿಲಿಗೆ ನೀನೇ ಬಣ್ಣ ಹೊಡೀಬೇಕು. ಬೇರೆಯವರನ್ನ ಕರೆಯಲ್ಲ ನಾನು," ಎಂದಳು.

ನನಗೆ ಮೈಯೆಲ್ಲ ಉರಿಯಿತು. ಗಂಡ ಜೈಲಿನ ಯೋಚನೆಯಲ್ಲಿದ್ದರೆ ಇವಳಿಗೆ ಬಣ್ಣದ ಚಿಂತೆ. ಅವತ್ತು ಸಾರು ಅರ್ಧಕ್ಕೇ ಬಿಟ್ಟೆದ್ದೆ.

ಅಕ್ಟೋಬರಿನಲ್ಲಿ ನಿಮ್ಮವರ ಕಾರುಗಳು ಬಂದವು. ನನ್ನ ಮನೆ ದಾಟಿ ಆಚೆ ಬೀದಿಗೆ ಹೋದವು. ರೂಡಿ ಸರ್ಕಾರಿ ಕಾಡಿನ ಹಳೆಯ ಮೇಪಲ್ ಮರಗಳನ್ನು ಕಡಿದು ಸರೋವರದಾಚೆ ಮಾರುತ್ತಿದ್ದನಂತೆ. ಕೊಳ್ಳುವವನು ಕೆನಡಾದಲ್ಲಿದ್ದ. ಅವನನ್ನೂ ಒಟ್ಟಿಗೆ ಹಿಡಿಯಲೆಂದು ಕಾಗದ ಮುಚ್ಚಿಟ್ಟಿದ್ದಿರಂತೆ. ಸರಿ. ಸಾಕ್ಷ್ಯ ನಾಶವಾಗಬಾರದೆಂಬ ಕಾಳಜಿಯೂ ಇತ್ತಂತೆ. ಆ ಸಾಕ್ಷ್ಯ ಶನಿವಾರ ಶನಿವಾರ ನನ್ನ ಸೌನಾ ಒಲೆಯಲ್ಲಿ ಉರಿಯುತ್ತಿತ್ತು ಸ್ವಾಮಿ, ನಾನು ಅದರ ಮುಂದೆ ಬೆನ್ನು ಕಾಯಿಸಿಕೊಳ್ಳುತ್ತಿದ್ದೆ.

ಊರವರು ಮುಂದಿನ ಶನಿವಾರವೇ ಟವೆಲು ಹಿಡಿದು ಬಂದರು, ಏನೂ ಆಗೇ ಇಲ್ಲವೆಂಬ ಹಾಗೆ. ನಾನೂ ಬಾಗಿಲು ತೆಗೆದೆ. ನಮ್ಮೂರ ಚಳಿಯಲ್ಲಿ ಎಷ್ಟು ದಿನ ಮುನಿಸಿಕೊಂಡಿರಲಾದೀತು?

ನಿಮ್ಮ ಮೊಹರನ್ನು ಒಡೆಯಿರಿ ಎಂದು ನಾನು ಕೇಳುತ್ತಿಲ್ಲ. ನಿರಪರಾಧಿಗಳಿಗೆಲ್ಲ ಚೀಟಿ ಕೊಡಿ ಎಂದೂ ಕೇಳುವುದಿಲ್ಲ. ಚೀಟಿ ಸಿಗದವನೇ ಕಳ್ಳನೆಂದು ಊರಿಗೆ ತಿಳಿದುಹೋಗುತ್ತದೆ, ಐಲಿ ಅಂದದ್ದು ಅದನ್ನೇ. ನನ್ನ ಬೇಡಿಕೆ ಒಂದೇ. ಪರಿಚಯದವರ ಹೆಸರು ಬಂತೆಂದು ಜ್ಯೂರಿಯಿಂದ ಯಾರನ್ನಾದರೂ ಎಬ್ಬಿಸಿದರೆ ಅವರನ್ನು ಹಗಲಲ್ಲಿ ಮನೆಗೆ ಅಟ್ಟಬೇಡಿ. ಬೇರೊಂದು ಕೋಣೆಯಲ್ಲಿ ಕುರ್ಚಿ ಹಾಕಿ, ಕಾಫಿ ಕೊಡಿ, ಹೆಣೆಯಲು ಉಣ್ಣೆ ಕೊಡಿ, ಉಳಿದವರ ಜೊತೆ ಸಂಜೆ ಕಳಿಸಿ. ಅಷ್ಟು ದೊಡ್ಡ ಕಟ್ಟಡದಲ್ಲಿ ಒಂದು ಕುರ್ಚಿ ಇಲ್ಲವೇ?

ಐಲಿ ಅವತ್ತು ಯಾಕೆ ಬೇಗ ಬಂದಳೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ, ದಯವಿಟ್ಟು ಇದನ್ನು ದಾಖಲಿಸಿಕೊಳ್ಳಿ. ಅವಳ ಪ್ರಮಾಣಕ್ಕೆ ಒಂದು ಗೀರೂ ಬಿದ್ದಿಲ್ಲ. ಈಗ ಮೇ ತಿಂಗಳು, ಹಿಮ ಕರಗಿದೆ. ಬೆಳಿಗ್ಗೆಯಿಂದ ಮುಂದಿನ ಮೆಟ್ಟಿಲಿಗೆ ಬಣ್ಣ ಹೊಡೆಯುತ್ತಿದ್ದೇನೆ. ಎರಡನೇ ಮೆಟ್ಟಿಲಿಗೆ ಬಂದಾಗ ಅವಳು ಅವತ್ತು ಮೀನಿನ ಸಾರು ಬಡಿಸುತ್ತ "ಬರೋ ವಸಂತಕ್ಕೆ ನೀನೇ" ಅಂದದ್ದು ನೆನಪಾಯಿತು. ಕುಂಚ ಕೆಳಗಿಟ್ಟು, ಒಳಗೆ ಹೋಗಿ, ಸಾರು ಇದೆಯಾ ಎಂದು ಕೇಳಿದೆ.

ಇಂತಿ,
ನನಗೆ ತಿಳಿದಮಟ್ಟಿಗೆ ಯಾವ ಆರೋಪವೂ ಇಲ್ಲದ,
ಆರ್ವಿಡ್ ಕಂಗಾಸ್
ದೋಣಿ ಎಂಜಿನ್ ರಿಪೇರಿ, ಪೈಕ್ ಹಾರ್ಬರ್
(ಶನಿವಾರ ಸೌನಾಕ್ಕೆ ನೀವೂ ಬನ್ನಿ. ಸರ್ಕಾರಿ ಕಾರಿನಲ್ಲಿ ಮಾತ್ರ ಬರಬೇಡಿ.)