ಬಲಗಡೆಯ ಪದಗಳು

ಸೋಮನೂರು
12-7-1987, ಭಾನುವಾರ

ನಾದಿನಿ ಮಲ್ಲಿಗಾಳಿಗೆ,

ಮೊದಲು ಲಕೋಟೆಯನ್ನು ತಿರುಗಿಸಿ ನೋಡು. ಅನ್ನದ ಅಗುಳು ತಿಕ್ಕಿ ಅಂಟಿಸಿ, ಅಂಟಿನ ಮೇಲೆ ಅಡ್ಡಲಾಗಿ ಎರಡು ಗೆರೆ ಎಳೆದಿದ್ದೇನೆ. ಗೆರೆಗಳು ಒಂದಕ್ಕೊಂದು ಕೂಡದಿದ್ದರೆ ನಿನ್ನ ಅತ್ತೆ ಬಿಚ್ಚಿ ನೋಡಿದ್ದಾರೆ ಎಂದೇ ಅರ್ಥ. ನೋಡಿದರೆ ನೋಡಲಿ, ಏನೂ ತಿಳಿಯುವುದಿಲ್ಲ. ಅವರೂ ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವವರು, ಆದರೆ ಈ ಕಡೆ ಹುಟ್ಟಿದ ನಮ್ಮ ಜನರಲ್ಲಿ ಕನ್ನಡ ಅಕ್ಷರ ಯಾರಿಗೆ ಬರುತ್ತದೆ? ಪಾಠವೆಲ್ಲ ತಮಿಳಿನಲ್ಲಿ, ಬಾಗಿಲು ದಾಟಿದರೆ ಮಾತೂ ತಮಿಳಿನಲ್ಲಿ. ನಮ್ಮ ಮನೆಯ ಒಂಬತ್ತು ಜನರಲ್ಲಿ ಅದನ್ನು ಓದಬಲ್ಲವರು ಇಬ್ಬರೇ ಇದ್ದೆವು. ಕೊಳ್ಳೇಗಾಲದಿಂದ ಸೊಸೆಯಾಗಿ ಬಂದ ನಾನು, ಕಂಡಿಕೆಗೆ ನೂಲು ಸುತ್ತುತ್ತಾ ನನ್ನ ಹತ್ತಿರ ಅಕ್ಷರ ಕಲಿತ ನೀನು. ಈ ಕಾಗದವನ್ನು ಪೋಸ್ಟಿಗೂ ನಾನೇ ಹಾಕುತ್ತೇನೆ. ನಿನ್ನ ಅಣ್ಣನ ಕೈಯಲ್ಲಿ ಕೊಟ್ಟರೆ ಅದು ಧಾರಾಪುರಂನಲ್ಲಿರುವ ನಿನ್ನನ್ನು ಸೇರುತ್ತದೆಂಬ ನಂಬಿಕೆ ನನಗಿಲ್ಲ.

ನನ್ನ ಸ್ವಭಾವ ನಿನಗೆ ಗೊತ್ತು. ಹಾಲಿನವನು ನಕ್ಕರೆ ಹಾಲಿಗೆ ಬೆರೆಸಿದ ನೀರು ನೆನಪಾಗುತ್ತದೆ, ನಗದಿದ್ದರೆ ಇನ್ನೂ ಹೆಚ್ಚು ಬೆರೆಸಿದ್ದಾನೆ ಅನ್ನಿಸುತ್ತದೆ. ಹೋದ ಸೋಮವಾರ, ಕಾಲೇಜಿನಲ್ಲಿ ನಿನಗೆ ಇಂಗ್ಲಿಷ್ ಹೇಳಿಕೊಟ್ಟ ವಿಶಾಲಾಕ್ಷಿ ಮೇಡಂ ನಮ್ಮ ಬಾಗಿಲಿಗೆ ಬಂದು ನಿಂತಾಗಲೂ ನನಗೆ ಹಾಗೇ ಆಯಿತು. ಮೂರು ವರ್ಷದ ಮೇಲೆ ಈ ಹೆಂಗಸಿಗೆ ಇಲ್ಲೇನು ಕೆಲಸ? ಕೊಯಮತ್ತೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರಂತೆ. ನೀರು ಕೊಟ್ಟೆ, ಕುಡಿದರು. ಆಮೇಲೆ ತಮ್ಮ ಮೈಸೂರು ಕನ್ನಡದಲ್ಲಿ, "ಮಲ್ಲಿಗಾಗೆ ನಾನು ಎರಡು ಸಲ ಕಾಗದ ಬರೆದೆ. ಎರಡೂ ಒಡೆಯದೆ ವಾಪಸ್ ಬಂದವು. ನಾನು ಏನು ತಪ್ಪು ಮಾಡಿದೆ ಅಂತ ನಿಮಗೇನಾದರೂ ಗೊತ್ತಾ?" ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನೇ. ಸೆರಗು ಸರಿಮಾಡಿಕೊಂಡು "ಗೊತ್ತಿಲ್ಲ" ಎಂದೆ.

ಅವರು ಬಂದ ಕಾರಣ ಕೇಳು. ನಿಂತುಹೋದ ನಿನ್ನ ಮೂರನೆಯ ವರ್ಷದ ಪರೀಕ್ಷೆಯನ್ನು ಈಗಲೂ ಬರೆಯಬಹುದಂತೆ. ಆದರೆ ಇದೇ ಕೊನೆಯ ಸಲ. ಈ ತಿಂಗಳು ಮೂವತ್ತೊಂದರೊಳಗೆ ಅರ್ಜಿಗೆ ನೀನು ರುಜು ಹಾಕದಿದ್ದರೆ ಹಿಂದೆ ಪಾಸಾದ ಎರಡು ವರ್ಷವೂ ವ್ಯರ್ಥ. ನಿನ್ನ ಗಂಡ ನಟರಾಜನ್ ದೀಪಾವಳಿಗೆ ಬಂದಾಗ, "ಓದ್ಲಿ ಅತ್ತಿಗೆ, ನಾ ಬ್ಯಾಡ ಅನ್ನಾದಿಲ್ಲ, ಅವಳೇ ಬ್ಯಾಡ ಅಂತವಳೆ" ಎಂದಿದ್ದ. ಆಗ ನಾನು ನಂಬಿರಲಿಲ್ಲ. ಗಂಡಸರು ಕೊಡದೆ ಇಟ್ಟುಕೊಂಡಿದ್ದನ್ನೂ ಅವಳೇ ಬೇಡವೆಂದಳು ಅನ್ನುತ್ತಾರೆ. ಈಗ ನಂಬುತ್ತೇನೆ. ಬೇಡ ಅನ್ನುತ್ತಿರುವುದು ನೀನೇ, ಅದೂ ಮೇಡಂ ಕೈಯಿಂದ ಬಂದದ್ದು ಎಂಬುದಕ್ಕೆ. ನಿನ್ನ ನೋಟುಪುಸ್ತಕವನ್ನು ನಮ್ಮ ಮನೆಯವರಿಗೆ ಓದಿ ಹೇಳಿ ನಿನ್ನನ್ನು ಬೀದಿಗೆ ತಂದವರು ಅವರೇ ಎಂದು ನೀನು ನಂಬಿದ್ದೀಯ.

ಅವರಲ್ಲ ಮಲ್ಲಿಗಾ. ಓದಿದವಳು ನಾನು.

ಇಲ್ಲಿಗೇ ಕಾಗದ ಹರಿಯಬೇಡ. ಹರಿಯುವುದಿದ್ದರೆ ಪೂರ್ತಿ ಓದಿ ಹರಿ.

ಆ ವರ್ಷ ನೀನು ಸಾಯಂಕಾಲದ ಬಸ್ಸು ತಪ್ಪಿಸಿ ಮುಂದಿನ ಬಸ್ಸಿಗೆ ಬರಲು ಶುರುಮಾಡಿದ್ದೆ. ಮೇಡಂ ಜೊತೆ ಲೈಬ್ರರಿ ಎನ್ನುತ್ತಿದ್ದೆ. ನನಗೆ ಆ ಮೇಡಂ ಮೇಲೇ ಅನುಮಾನ. ಮೂವತ್ತೆಂಟು ವಯಸ್ಸು, ಮದುವೆಯಿಲ್ಲ, ಗಂಡಸರ ಹಾಗೆ ಅಗಲವಾದ ಕೈಗಡಿಯಾರ, ಬಾಡಿಗೆ ಮನೆಯಲ್ಲಿ ಒಬ್ಬರೇ. ಇಂಥವರು ಹುಡುಗಿಯರಿಗೆ ಏನು ಕಲಿಸುತ್ತಾರೆ? ಊಟಕ್ಕೆ ಕೂತಾಗ ನೀನು ಒಮ್ಮೆ ನಗುತ್ತಾ ಹೇಳಿದ್ದೆ, ಇಂಗ್ಲಿಷಿನಲ್ಲಿ ಮನುಷ್ಯಕುಲಕ್ಕೆಲ್ಲ ಗಂಡಸಿನ ಹೆಸರೇ ಇಟ್ಟಿದ್ದಾರೆ, ಹೆಂಗಸರು ಅದರೊಳಗೆ ಅಡಗಿಕೊಂಡಿರಬೇಕಂತೆ ಎಂದು. ನಿನ್ನ ಅಣ್ಣ ತಲೆಯೆತ್ತದೆ ಸಾರು ಬಡಿಸಿಕೊಂಡರು. ನನಗೂ ಏನೂ ಹೊಳೆಯಲಿಲ್ಲ. ಹೊಳೆಯಲಿಲ್ಲವೆಂಬ ಸಿಟ್ಟು ಮಾತ್ರ ಉಳಿಯಿತು. ನಾನು ಒಂಬತ್ತನೇ ಕ್ಲಾಸಿಗೆ ನಿಂತವಳು. ನಿನಗೆ ಅ ಆ ತಿದ್ದಿಸಿದವಳು ನಾನು, ನೀನು ಮಾತ್ರ ನನಗೆ ತಿಳಿಯದ ಕಡೆ ನಡೆದುಹೋಗುತ್ತಿದ್ದೆ. ಸುಳ್ಳು ಯಾಕೆ, ಹೊಟ್ಟೆಕಿಚ್ಚು ನನಗೆ.

ನಿನ್ನ ಓದು ನಿಂತ ಆ ಬುಧವಾರ ಬೆಳಿಗ್ಗೆ ಮೇಡಂ ಬಂದಿದ್ದು ನಿಜ. ನೀನು ಬರೆದದ್ದನ್ನು ಕೊಯಮತ್ತೂರಿನ ಒಂದು ಸಭೆಯಲ್ಲಿ ಓದಿಸಬೇಕು, ಮನೆಯವರ ಒಪ್ಪಿಗೆ ಬೇಕು ಎಂದು ಕೇಳಿ ಹೋದರು. ಅವರು ಹೋದ ಮೇಲೆ ನನ್ನ ಅತ್ತೆ, ನಿನ್ನ ಅಮ್ಮ, ನಿನ್ನ ಹಾಸಿಗೆ ಕೊಡವಿದರು. ಏನು ಸಭೆ, ಏನು ಓದು ಎಂಬ ಗುಮಾನಿ ಅವರಿಗೂ ಇತ್ತು. ರಟ್ಟಿನ ನೋಟು ಸಿಕ್ಕಿತು. ತಿರುಗಿಸಿ ನೋಡಿದರೆ ತಮಿಳಲ್ಲ. ಇಂಗ್ಲಿಷ್ ಪದಗಳು, ಪಕ್ಕದಲ್ಲೇ ಅವುಗಳ ಅರ್ಥ, ದುಂಡಗೆ, ನಾನು ಕಲಿಸಿದ ಕನ್ನಡದಲ್ಲಿ. ಅತ್ತೆ ನಿನ್ನ ಅಣ್ಣನನ್ನು ಕರೆದರು, ಮಾವನವರನ್ನು ಕರೆದರು, ಆಮೇಲೆ ನನ್ನನ್ನು ಮುದ್ದಿನಿಂದ ಕಣ್ಣು ಎಂದು ಕರೆದು ನೋಟು ಚಾಚಿದರು. "ಓದು ಕಣ್ಣು. ಏನ್ ಬರ್ದವಳೆ ನೋಡಾಣ, ಬಾಯ್ ಬಿಟ್ಟು ಓದು."

ನಾಲ್ಕೂ ತರಿಮಗ್ಗ ಓಡುತ್ತಿದ್ದವು. ಪವರ್‌ಲೂಮಿನ ಮನೆಯಲ್ಲಿ ಮಾತೆಂದರೆ ಕೂಗು, ಅದು ನಿನಗೆ ಹೇಳಬೇಕಾಗಿಲ್ಲ. ನಮ್ಮ ಗುಟ್ಟುಗಳನ್ನೂ ನಾವು ಗಂಟಲು ಹರಿಯುವಂತೆ ಕೂಗಿಯೇ ಹೇಳುವವರು, ಮಗ್ಗದ ಸದ್ದಿನಲ್ಲಿ ಪಕ್ಕದ ಮನೆಗೆ ಕೇಳುವುದಿಲ್ಲವೆಂಬ ಧೈರ್ಯ. ನಾನೂ ಕೂಗಿ ಓದಿದೆ. ಇಟ್ಟುಕೊಂಡವಳು. ಗಂಡು ಸಿಗದೆ ಬತ್ತಿದವಳು. ಮಾಟಗಾತಿ. ಸೂಳೆಮನೆ ನಡೆಸುವವಳು. ಅಷ್ಟರಲ್ಲಿ ಕರೆಂಟು ಹೋಯಿತು. ನಾಲ್ಕೂ ತರಿ ಒಟ್ಟಿಗೆ ನಿಂತವು, ಬೀದಿಯ ತರಿಗಳೆಲ್ಲ ನಿಂತವು, ಓಟದಲ್ಲಿದ್ದ ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ. "ಬೀದಿ ಸೂಳೆ" ಎಂಬ ಮಾತು ಅಂಗಳ ದಾಟಿ ಹೋಯಿತು. ಎದುರು ಮನೆಯ ಕನ್ನಿಯಮ್ಮಾಳ್ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಾಗಿಲಿಗೆ ಬಂದಳು. "ಏನ್ ಪೆರಿಯನಾಯಕಿ, ಯಾರ್‌ನ ಹಂಗ್ ಅನ್ನಾದು, ಮಲ್ಲಿಗಾನಾ?" ಎಂದು ಅತ್ತೆಯನ್ನು ಕೇಳಿದಳು.

ಅತ್ತೆ ಇಲ್ಲ ಎನ್ನಲಿಲ್ಲ. ನಾನೂ ಎನ್ನಲಿಲ್ಲ.

ಕರೆಂಟು ಬರುವಷ್ಟರಲ್ಲಿ ಮಾತು ಬೀದಿಯ ಕೊನೆ ಮುಟ್ಟಿತ್ತು. "ಪಡಿಪ್ಪು ಸಾಕು, ಓದಿದ್ದು ಸಾಕು. ಈ ಮಾಸದಾಗೇ ಕಲ್ಯಾಣ" ಎಂದು ನಿನ್ನ ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಸಾಯಂಕಾಲ ನೀನು ಬಂದೆ. ಯಾರು ಓದಿದ್ದು ಎಂದು ಕೇಳಿದೆ. ನಾನು ಒಲೆಯ ಕಡೆ ಮುಖ ಮಾಡಿಕೊಂಡು, "ಬೆಳಿಗ್ಗೆ ನಿನ್ನ ಮೇಡಂ ಬಂದಿದ್ದರು" ಎಂದೆ. ಅಷ್ಟೇ ಅಂದೆ, ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದು ನಿನ್ನೊಳಗೆ ಏನಾಗಿ ಬೆಳೆಯುತ್ತದೆಂದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ನೀನು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಈ ಮನೆಯಲ್ಲಿ ನೀವೊಬ್ಬರೇ ನನಗೆ ಎಂದೆ. ಅದನ್ನೂ ಕೇಳಿಸಿಕೊಂಡೆ ನಾನು.

ನೋಟನ್ನು ಒಲೆಗೆ ಹಾಕು ಎಂದಿದ್ದರು. ಹಾಕಿದೆ ಎಂದು ಹೇಳಿ ಟ್ರಂಕಿನ ತಳದಲ್ಲಿ, ನನ್ನ ಮದುವೆ ಸೀರೆಯ ಕೆಳಗಿಟ್ಟೆ. ಯಾಕಿಟ್ಟೆನೋ ತಿಳಿಯದು. ಮೊನ್ನೆ ಸೋಮವಾರ ತೆಗೆದು ಮೇಡಂ ಮುಂದೆ ಇಟ್ಟು, ಇದರಲ್ಲಿ ಇರುವುದೇನು ಎಂದು ಕೇಳಿದೆ. ಅವರು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ವಿವರಿಸಿದರು. ಇಂಗ್ಲಿಷಿನಲ್ಲಿ ಮಾಸ್ಟರ್, ಯಜಮಾನ ಎಂಬ ಗೌರವದ ಪದವೊಂದಿದೆಯಂತೆ, ಅದನ್ನೇ ಹೆಂಗಸಿಗೆ ಮಿಸ್ಟ್ರೆಸ್ ಎಂದು ಹಾಕಿದರೆ ಇಟ್ಟುಕೊಂಡವಳು ಎಂದಾಗುತ್ತದಂತೆ. ಮದುವೆಯಾಗದ ಗಂಡಸು ಸ್ವತಂತ್ರ, ಮದುವೆಯಾಗದ ಹೆಂಗಸು ಬತ್ತಿದವಳು. ಸ್ಪಿನ್‌ಸ್ಟರ್ ಎಂಬ ಆ ಪದ ಮೊದಲಿಗೆ ನೂಲು ತೆಗೆಯುವವಳು ಎಂದಿತ್ತಂತೆ. ಇದನ್ನು ಕೇಳಿ ನನ್ನ ಕೈ ನೋಡಿಕೊಂಡೆ, ನೂಲು ಹಿಡಿದೇ ಹದಿನಾರು ವರ್ಷವಾಯಿತು. ಪಬ್ಲಿಕ್ ಎಂಬ ಪದ ಸೇರಿದರೆ ಗಂಡಸು ಊರಿಗೆ ಬೇಕಾದ ದೊಡ್ಡ ಮನುಷ್ಯ, ಅದೇ ಮಾತು ಹೆಂಗಸಿಗೆ ಬಂದರೆ ಬೀದಿ ಸೂಳೆ. ನಿಮ್ಮನ್ನು ಕರೆಯುವ ಮೇಡಂ ಎಂಬುದೂ ಹೀಗೇನಾ ಎಂದೆ. ಅವರು ನಕ್ಕುಬಿಟ್ಟರು. "ಹೌದು, ಅದಕ್ಕೂ ಸೂಳೆಮನೆ ನಡೆಸುವವಳು ಅಂತ ಒಂದು ಅರ್ಥ ಇದೆ. ಅದನ್ನು ಹುಡುಕಿದವಳೂ ಮಲ್ಲಿಗಾನೇ."

ಇಷ್ಟು ಹೊಲಸನ್ನು ಹೊಟ್ಟೆಯಲ್ಲಿಟ್ಟುಕೊಂಡ ಭಾಷೆಯನ್ನು ನಿನಗೆ ಯಾಕೆ ಕಲಿಸಿದರೋ ಎಂದು ಒಂದು ಗಳಿಗೆ ಮತ್ತೆ ಅನುಮಾನ ಬಂತು. ಆಮೇಲೆ ನಮ್ಮ ಬೀದಿಯ ನಲ್ಲಿ ನೆನಪಾಯಿತು. ಗಂಡ ಸತ್ತವಳನ್ನು ಅಲ್ಲಿ ಏನೆಂದು ಬೈಯುತ್ತಾರೆ, ಹೆಂಡತಿ ಸತ್ತ ಕುಪ್ಪುಸಾಮಿಗೆ ಎಷ್ಟು ಜನ ಕರೆದು ಊಟ ಹಾಕುತ್ತಾರೆ. ಇಂಗ್ಲಿಷಿನ ಮೇಲೆ ಮಾತ್ರ ಯಾಕೆ ಸಿಟ್ಟಾಗಲಿ? ನೀನು ಹೆಂಗಸರನ್ನು ಹೀಗೆಲ್ಲ ಕರೆಯುತ್ತಾರೆ ನೋಡಿ ಎಂದು ಬರೆದಿದ್ದೆ. ನಾವು ಅವೇ ಪದಗಳನ್ನು ಹೆಕ್ಕಿ ನಿನಗೇ ಅಂಟಿಸಿದೆವು.

ಇಷ್ಟಕ್ಕೇ ಮುಗಿಸಿದ್ದರೆ, ತಿಳಿಯದೆ ಮಾಡಿದ ತಪ್ಪು, ಪಾಪ ಅತ್ತಿಗೆ ಎನ್ನುತ್ತಿದ್ದೆ ನೀನು. ಬರೆಯಲು ಕೂತಾಗ ಅಷ್ಟಕ್ಕೇ ಮುಗಿಸಬೇಕೆಂದೂ ಇದ್ದೆ. ಆದರೆ ಮಲ್ಲಿಗಾ, ಆ ಹಾಳೆಯಲ್ಲಿ ಎರಡು ಪಟ್ಟಿ ಇದ್ದವು. ನಡುವೆ ಗೆರೆ ಎಳೆದು, ಎಡಗಡೆ ಗಂಡಸಿಗೆ, ಬಲಗಡೆ ಹೆಂಗಸಿಗೆ ಎಂದು ನೀನು ತಲೆಬರಹ ಬರೆದಿದ್ದೆ. ಕನ್ನಡದಲ್ಲೇ. ಎಡಗಡೆಯನ್ನು ನಾನು ನೋಡಿದೆ. ಯಜಮಾನ, ಸ್ವತಂತ್ರ, ದೊಡ್ಡ ಮನುಷ್ಯ. ಇದು ಪಾಠ, ಹುಡುಗಿಯ ಬಾಳಲ್ಲ ಎಂದು ಆ ಗಳಿಗೆಯಲ್ಲೇ ಹೊಳೆಯಿತು. ಹೊಳೆದ ಮೇಲೂ ಬಲಗಡೆಯನ್ನು ಮಾತ್ರ ಓದಿದೆ. ನಿನ್ನ ಓದು ಒಂದು ಸಲ ಮುಗ್ಗರಿಸಲಿ ಎನ್ನಿಸಿತ್ತು. ಮುರಿಯಲಿ ಎಂದಲ್ಲ. ಹೀಗೆಂದರೆ ನೀನು ನಂಬಬೇಕಾಗಿಲ್ಲ, ನನಗೇ ಪೂರ್ತಿ ನಂಬಿಕೆಯಿಲ್ಲ.

ಇವತ್ತು ಬೆಳಿಗ್ಗೆ ಇದನ್ನು ಅತ್ತೆಗೆ ಹೇಳಿದೆ. ಭಾನುವಾರ, ತರಿ ಓಡುವುದಿಲ್ಲ, ಮೆಲ್ಲಗೇ ಹೇಳಿದೆ. ಅವರು ಹೂ ಕಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ. "ನಂಗ ಅವತ್ತೇ ಗೊತ್ತು. ನಿನ್ ಕಣ್ಣು ಎಡಕ್ಕ ಹೋಗ್ತಿತ್ತು, ಬಾಯಿ ಬಲಕ್ಕ ಓದ್ತಿತ್ತು. ಹುಡ್ಗಿ ಕಲ್ಯಾಣ ಆಗ್ಬೇಕಾಗಿತ್ತು, ಸುಮ್ಕಿದ್ದೆ" ಎಂದರು. ಊರಲ್ಲಿ ಎಲ್ಲರನ್ನೂ ಅನುಮಾನದಿಂದ ನೋಡುವ ನನಗೆ, ಮೂರು ವರ್ಷ ಪಕ್ಕದಲ್ಲೇ ಕೂತು ಉಂಡ ಅವರ ಮೇಲೆ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ನಿನ್ನ ನೋಟು ಮೇಡಂ ಹತ್ತಿರವಿದೆ. ಬರುವ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರು ಅರ್ಜಿ ತೆಗೆದುಕೊಂಡು ಧಾರಾಪುರಂ ಬಸ್ ನಿಲ್ದಾಣಕ್ಕೆ ಬರುತ್ತಾರೆ, ಮಧ್ಯಾಹ್ನದ ತನಕ ಕಾಯುತ್ತಾರೆ. ನಾನು ಜೊತೆಯಲ್ಲಿ ಇರುವುದಿಲ್ಲ, ನನ್ನ ಮುಖ ಕಂಡು ನೀನು ಅರ್ಧ ದಾರಿಯಿಂದ ತಿರುಗಿ ಹೋಗುವುದು ಬೇಡ. ನಾನು ಮಾಡಿದ್ದಕ್ಕೆ ನೀನು ಅವರನ್ನು ದೂರ ಇಟ್ಟೆ, ಇನ್ನು ಸಾಕು. ಹೋಗಿ ರುಜು ಹಾಕು. ನನ್ನನ್ನು ಕ್ಷಮಿಸುವುದು, ಬಿಡುವುದು ಆಮೇಲಿನ ಮಾತು. ಎರಡರಲ್ಲಿ ಒಂದೇ ನಿನ್ನ ಕೈಲಾಗುವುದಾದರೆ, ಪರೀಕ್ಷೆಯನ್ನೇ ಬರೆ.

ನಮ್ಮ ಚೌಡೇಶ್ವರಿ ನಿನ್ನ ನಾಲಿಗೆಯನ್ನೂ ಲೇಖನಿಯನ್ನೂ ಕಾಯಲಿ, ನನ್ನಂಥವರಿಂದ.

ಅತ್ತಿಗೆ ಎಂದು ಇನ್ನೂ ಬರೆಯಬಹುದೋ ತಿಳಿಯದ,
ಕಾಮಾಕ್ಷಿ